ಹುಟ್ಟು ಬಿಟ್ಟ ಸಾಹುಕಾರ

ಮೊದಲು ಒಂದು ವಿಚಾರಣೆ. ಹಿಂದಿನ ಸಾಲಿನಲ್ಲಿ ಕೂತ ತಾಯಂದಿರೇ, ನನ್ನ ದನಿ ನಿಮಗೆ ಕೇಳುತ್ತಿದೆಯೇ?

"ಕೇಳ್ತೈತ್ರಿ ಅಪ್ಪಾರ!"

ಸಂತೋಷ. ಉತ್ತರ ಬಂದದ್ದೇನೋ ಗಂಡಸರ ಕಡೆಯಿಂದ. ಇರಲಿ, ಯಾವ ಕಡೆಯಿಂದ ಬಂದರೂ ಉತ್ತರ ಉತ್ತರವೇ ಅಂದುಕೊಂಡು ಮುಂದೆ ಹೋಗೋಣ.

ನಿನ್ನೆ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. "ಅಪ್ಪಾರ, ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ರಿ. ಏನ್ ಮಾಡ್ಲಿ?" ಅಂದರು. ನಾನು, "ನೀವು ಯಾರ ಮಾತು ಕೇಳ್ತೀರಿ?" ಅಂದೆ. ಅವರು ಕೈ ಮುಗಿದು ಚಪ್ಪಲಿ ಹುಡುಕಿಕೊಂಡು ಹೋಗಿಬಿಟ್ಟರು. ಇವತ್ತು ಬಂದಿದ್ದಾರೋ ಇಲ್ಲವೋ ಅಂತ ನಾನು ಆ ಕಡೆ ನೋಡುವುದಿಲ್ಲ. ನೀವೂ ನೋಡಬೇಡಿ. ಅವರ ನೆಪದಲ್ಲಿ ನಮಗೆಲ್ಲ ಒಂದು ದೃಷ್ಟಾಂತ ಸಿಕ್ಕಿತು, ಅಷ್ಟು ಸಾಕು.

ನಮ್ಮ ಸೀಮೆಯದೇ ಒಂದು ಊರು, ಆ ಊರಿಗೆ ಒಬ್ಬ ಸಾಹುಕಾರ. ಯಾವ ಊರು, ಏನು ಹೆಸರು ಅಂತ ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ನಾಲ್ಕು ಮಂದಿ 'ಅವರು ನಮ್ಮ ಬೀಗರು' ಅಂತ ಎದ್ದು ನಿಲ್ಲುತ್ತೀರಿ, ಆಮೇಲೆ ನನಗೆ ಪ್ರಸಾದ ಸಿಗುವುದಿಲ್ಲ. ಅವನದು ಪೆಂಡಾಲು, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ವ್ಯಾಪಾರ. ಊರಿನ ಯಾವ ಮದುವೆಯಲ್ಲೂ ಅವನದೇ ಮೈಕು. ಮೈಕು ಹಚ್ಚಿದ ಮೇಲೆ ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ? 'ಹಲೋ ಹಲೋ' ಅನ್ನುವುದೂ ಅವನೇ. ಹಾಗೆ ಅಂದು ಅಂದು ಅವನ ಬಾಯಿಗೆ ಬಾಗಿಲೇ ಇಲ್ಲದಂತಾಗಿತ್ತು.

ಮನುಷ್ಯ ಕೆಟ್ಟವನಲ್ಲ ನೋಡಿ. ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಅವನಿಗೆ ಇದ್ದದ್ದು ಒಂದೇ ಚಟ. ಹೆಂಡತಿಯನ್ನು ಯಾರಾದರೂ ಏನಾದರೂ ಕೇಳಿದರೆ ಉತ್ತರ ಇವನು ಕೊಡುತ್ತಿದ್ದ. "ಅಕ್ಕಾರ, ಆರಾಮದೀರೇನ್ರಿ?" ಅಂತ ನೆಂಟರು ಕೇಳಿದರೆ, "ಆರಾಮದಾಳ್ರಿ." "ವೈನೀ, ಚಾ ಮಾಡ್ಲೋ, ಕಾಫಿ ಮಾಡ್ಲೋ?" ಅಂದರೆ, "ಆಕಿಗೆ ಚಾ." ಸೀರೆ ಅಂಗಡಿಯವನು ಯಾವ ಬಣ್ಣ ಅಂದರೆ, "ಆಕಿಗೆ ಹಸರು." ಆ ತಾಯಿಯ ಪೆಟ್ಟಿಗೆಯಲ್ಲಿ ಹದಿನಾರು ಹಸಿರು ಸೀರೆ. ಆಕೆಗೆ ಇಷ್ಟವಾದ ಬಣ್ಣ ಯಾವುದು? ಮದುವೆಯಾಗಿ ಮೂವತ್ತೆಂಟು ವರ್ಷ ಅದು ಯಾರಿಗೂ ಗೊತ್ತಾಗಲಿಲ್ಲ.

ಒಮ್ಮೆ ಆಕೆಗೆ ನೋವು ಶುರುವಾಯಿತು. ಗಂಡ ಹೆಂಡತಿ ದವಾಖಾನೆಗೆ ಹೋದರು. ಡಾಕ್ಟರು ಕೇಳಿದರು, "ಎಲ್ಲಿ ನೋವು ಐತಮ್ಮಾ?" ಆಕೆ ಬಾಯಿ ತೆರೆಯುವುದರೊಳಗೆ ಇವನು, "ಮೊಣಕಾಲ್ರಿ" ಅಂದ. ಮುಗಿಯಿತು. ಆರು ತಿಂಗಳು ಮೊಣಕಾಲಿಗೆ ಎಣ್ಣೆ, ಮೊಣಕಾಲಿಗೆ ಮುಲಾಮು, ಮೊಣಕಾಲಿಗೆ ಬಿಸಿನೀರಿನ ಶಾಖ. ಏಳನೇ ತಿಂಗಳು ಇವನು ನೆಗಡಿಯಾಗಿ ಮನೆಯಲ್ಲಿ ಮಲಗಿದ. ಆಕೆ ಒಬ್ಬಳೇ ಹೋದಳು. ನೋವು ಎಲ್ಲಿತ್ತು ಅಂತೀರಿ? ಸೊಂಟದಲ್ಲಿ!

ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಆರು ತಿಂಗಳು ಆ ತಾಯಿ ಸೊಂಟ ಹಿಡಿದುಕೊಂಡು ಅಡುಗೆ ಮಾಡಿದ್ದಳು. ಅದಕ್ಕೂ ನಗುತ್ತೀರಾ?

ಸರಿಯಾದ ಔಷಧ ಬಿದ್ದ ಮೇಲೆ ಸೊಂಟ ಒಂದೇ ತಿಂಗಳಲ್ಲಿ ನೆಟ್ಟಗಾಯಿತು. ಆದರೆ ಆ ದಿನ ದವಾಖಾನೆಯಿಂದ ಬಂದವಳು ಚೀಲವನ್ನು ಗೂಟಕ್ಕೆ ತೂಗುಹಾಕಿ ಗಂಡನ ಮುಂದೆ ನಿಂತಳು. "ನನ್ನ ಮಾತೂ ನೀವ ಆಡ್ತೀರಲ್ಲ? ಆಡ್ರಿ. ನನಗ ಸಾಕಾತು" ಅಂದಳು. ಅದೇ ಕೊನೆ. ಅವತ್ತಿನಿಂದ ಗಂಡನ ಜೊತೆ ಮಾತು ಬಂದ್. ರೊಟ್ಟಿ ಬಡಿಯುತ್ತಾಳೆ, ತುಪ್ಪ ಹಾಕುತ್ತಾಳೆ, ಹಾಲಿನವಳ ಜೊತೆ ಮಾತಾಡುತ್ತಾಳೆ, ಬೆಕ್ಕಿನ ಜೊತೆಗೂ ಮಾತಾಡುತ್ತಾಳೆ. ಗಂಡನ ಜೊತೆ ಮಾತ್ರ ಒಂದಕ್ಷರ ಇಲ್ಲ.

ಅಯ್ಯೋ, ಅಂಥ ಪುಣ್ಯ ನಮಗೆ ಯಾವಾಗ ಬಂದೀತು ಅಂತ ಈ ಕಡೆ ಕೆಲವರು ಮೀಸೆಯಲ್ಲೇ ನಗುತ್ತಿದ್ದೀರಿ. ಸಾಹುಕಾರನೂ ಮೊದಲ ವಾರ ಹಾಗೇ ನಕ್ಕ. ಎರಡನೇ ವಾರ ಊಟಕ್ಕೆ ಕೂತು, "ಇವತ್ತ ಪ್ಯಾಟ್ಯಾಗ ಏನಾತು ಗೊತ್ತೇನ?" ಅಂದ. ಎದುರಿನಿಂದ 'ಹೂಂ' ಬರಲಿಲ್ಲ. ಹೂಂಗುಟ್ಟುವವರು ಇಲ್ಲದೆ ಮಾತಾಡಿ ನೋಡಿ, ಉಪ್ಪಿಲ್ಲದ ಸಾರು ಕುಡಿದ ಹಾಗೆ. ಮಾತಾಡುವವನಿಗೆ ಮೈಕು ಬೇಕಿಲ್ಲ, ಒಂದು 'ಹೂಂ' ಬೇಕು. ಇಡೀ ಊರಿಗೆ ಮೈಕು ಕೊಟ್ಟವನಿಗೆ ಇದು ಅರವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ನಾಲ್ಕು ತಿಂಗಳು ಕಳೆಯಿತು. ಸೀರೆ ತಂದುಕೊಟ್ಟ, ಮತ್ತೆ ಹಸಿರೇ! ಕೈಗೆ ಬಂಗಾರದ ಬಿಲ್ವಾರ ಮಾಡಿಸಿದ. ಆಕೆ ತೆಗೆದು ಇಟ್ಟಳು, ಮಾತಾಡಲಿಲ್ಲ. 'ತಪ್ಪಾಯಿತು' ಅಂದನೇ? ಅದೊಂದನ್ನು ಅನ್ನಲಿಲ್ಲ. ಆದರೆ ಒಳಗೊಳಗೆ ಹೆದರಿದ್ದ. ಇಬ್ಬರಿಗೂ ವಯಸ್ಸಾಯಿತು. ಈಕೆ ಹೀಗೇ ಮಾತು ಬಿಟ್ಟವಳು ಹೀಗೇ ಹೋಗಿಬಿಟ್ಟರೆ ಏನು ಗತಿ? ಈ ಯೋಚನೆ ಬಂದಾಗ ಅವನು ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದ.

ಅಷ್ಟರಲ್ಲಿ ಅಂಗಡಿಗೆ ಒಂದು ಕರಪತ್ರ ಬಂತು. 'ಮೊದಲ ದಿನ ಮುಂಡಗೋಡದಲ್ಲಿ ಬುದ್ಧ ದರ್ಶನ, ಮರುದಿನ ಕಾಳಿ ನದಿಯಲ್ಲಿ ಕಯಾಕ್. ಊಟ ವಸತಿ ಸಹಿತ.' ಬುದ್ಧ ಅಂದಮೇಲೆ ಮೌನ, ಮೌನದ ರೋಗಕ್ಕೆ ಔಷಧವೂ ಅಲ್ಲೇ ಇರಬೇಕು ಅಂತ ಸಾಹುಕಾರನ ಲೆಕ್ಕ. ಕಯಾಕ್ ಅಂದರೇನು? ಕನ್ನಡಕ ಇರಲಿಲ್ಲ. ಅವನು ಅದನ್ನು 'ಕಾಯಕ' ಅಂತ ಓದಿಕೊಂಡ. ನದಿಯ ದಂಡೆಯಲ್ಲಿ ಏನೋ ಕಾಯಕ ಇರಬೇಕು, ದಂಡೆ ಗುಡಿಸುವುದೋ, ದಾಸೋಹಕ್ಕೆ ಕಾಯಿಪಲ್ಲೆ ಹೆಚ್ಚುವುದೋ. ನಾವು ಕುರ್ಚಿ ಹಾಕಿಕೊಂಡು ನೋಡಿದರಾಯಿತು ಅಂದುಕೊಂಡ. ಗರಿಗರಿ ಧೋತರ ಉಟ್ಟು ಹೊರಟ. ಹೆಂಡತಿಯನ್ನು 'ಬರ್ತೀಯೇನು' ಅಂತ ಕೇಳಿದನೇ? ಎಲ್ಲಿಯ ಮಾತು! ಎರಡು ಸೀಟು ಬರೆಸಿದ, ಅಷ್ಟೇ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪು ನೀವು ನೋಡಿರಬೇಕು. ನೋಡಿರದಿದ್ದರೆ ನೋಡಿ ಬನ್ನಿ, ದೂರವಿಲ್ಲ. ಗೋವಿನಜೋಳದ ಹೊಲ ದಾಟಿದರೆ ಬಂಗಾರದ ಕಳಶದ ಗುಡಿಗಳು. ಒಳಗೆ ಎತ್ತರದ ಬುದ್ಧ, ಕಣ್ಣು ಅರ್ಧ ಮುಚ್ಚಿದ್ದಾನೆ, ಬಾಯಿ ಪೂರ್ತಿ ಮುಚ್ಚಿದ್ದಾನೆ. ಆ ತಾಯಿ ನಿಂತು ಆ ಮುಖವನ್ನೇ ನೋಡಿದಳು, ತುಪ್ಪದ ದೀಪ ಹಚ್ಚಿದಳು, ಕಣ್ಣು ಒರೆಸಿಕೊಂಡಳು. ಸಾಹುಕಾರ ಅಲ್ಲಿ ಏನು ನೋಡಿದ? ಇಷ್ಟು ದೊಡ್ಡ ಹಾಲಿಗೆ ಮೈಕಿನ ಡಬ್ಬಿ ಎಲ್ಲೆಲ್ಲಿ ಕೂರಿಸಬಹುದು ಅಂತ ಗೋಡೆ ನೋಡಿದ.

ಹೊರಗೆ ಅಂಗಳದಲ್ಲಿ ಕೆಂಪು ಬಟ್ಟೆಯ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದ ಮಾಡುತ್ತಿದ್ದರು. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಹಾಕಿ, ಕೈ ಮೇಲೆತ್ತಿ, ಫಟ್ ಅಂತ ಚಪ್ಪಾಳೆ ಹೊಡೆಯುತ್ತಾನೆ. ಪಕ್ಕದಲ್ಲೇ ವಯಸ್ಸಾದ ಲಾಮಾ ಒಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಚಿಕ್ಕವರಿದ್ದಾಗ ಇಲ್ಲಿಗೆ ಬಂದು, ಮುಂಡಗೋಡದ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಾ ಕನ್ನಡ ಕಲಿತವರು. ಅವರ ಕನ್ನಡ ನಿಮ್ಮದಕ್ಕಿಂತ ಚೆನ್ನಾಗಿದೆ.

"ಅಜ್ಜಾರ, ಇವರೇನು ಜಗಳಾಡಾಕತ್ತಾರೇನ್ರಿ?" ಅಂತ ಸಾಹುಕಾರ ಕೇಳಿದ.

"ಇಲ್ರಿ ಸಾವ್ಕಾರ್ರ, ಅದು ಪಾಠ. ನಿಂತಾವ ಕೇಳ್ತಾನು, ಕುಂತಾವ ಹೇಳ್ತಾನು."

"ಆ ಕುಂತಾವ ತಡವರಿಸಾಕತ್ತಾನ ನೋಡ್ರಿ. ಬಾಜೂದವ ಹೇಳಿಕೊಟ್ರ ಏನಾಕ್ಕೈತಿ?"

"ಯಾರಿಗೆ ಕೇಳ್ಯಾರ, ಅವರ ಹೇಳಬೇಕ್ರಿ. ಬಾಜೂದವ ಹೇಳಿದ್ರ ಅದು ಉತ್ತರ ಅಲ್ರಿ, ಗದ್ಲ."

"ಬರೋಬರಿ ಮಾತು!" ಅಂತ ಸಾಹುಕಾರ ತಲೆಯಾಡಿಸಿದ. ಬರೋಬರಿ ಅಂದ, ನೆನಪಿಡಿ. ಲಾಮಾ ಆ ತಾಯಿಯ ಕಡೆ ತಿರುಗಿ, "ತಾಯಿ, ನಿಮಗೇನರ ಕೇಳೂದೈತೇನ್ರಿ?" ಅಂದರು. ಆಕೆಯ ತುಟಿ ಅಲುಗಿತು. ಅಷ್ಟರಲ್ಲಿ ಸಾಹುಕಾರ, "ಆಕಿಗೇನೂ ಇಲ್ರಿ" ಅಂದ!

ಲಾಮಾ ಕೈ ಮೇಲೆತ್ತಿ, ಅವನ ಮೂಗಿನ ಮುಂದೆ ಫಟ್ ಅಂತ ಒಂದು ಚಪ್ಪಾಳೆ ಹೊಡೆದು ಹೊಟ್ಟೆ ಹಿಡಿದು ನಕ್ಕರು. ಸಾಹುಕಾರ ಅದನ್ನು ಆಶೀರ್ವಾದ ಅಂದುಕೊಂಡ. ಹೆಂಡತಿ ಸ್ವಲ್ಪ ದೂರ ಹೋದಾಗ ದನಿ ತಗ್ಗಿಸಿ, "ಅಜ್ಜಾರ, ನಮ್ಮಕಿ ನಾಕ ತಿಂಗಳಾತು ನನ್ನ ಕೂಡ ಮಾತ ಬಿಟ್ಟಾಳ್ರಿ. ಏನರ ಒಂದು ಮಂತ್ರ ಕೊಡ್ರಿ" ಅಂದ. ಲಾಮಾ ನಗು ನಿಲ್ಲಿಸಿದರು. "ಮಂತ್ರ ಬ್ಯಾಡ್ರಿ. ನಮ್ಮ ಗುರುಗಳು ಒಂದ ಮಾತು ಹೇಳ್ತಿದ್ರು. ಹುಟ್ಟು ಬಿಡಬೇಕು. ಹಿಡಕೊಂಡಷ್ಟು ಗರಗರ ತಿರುಗತೀರಿ. ಬಿಟ್ರ ದಂಡಿ ಸಿಗತೈತಿ."

ಹುಟ್ಟು ಅಂದರೆ ಜನ್ಮ. ಹುಟ್ಟು ಸಾವಿನ ತಿರುಗಣಿ ಬಿಡಬೇಕು ಅನ್ನುವುದು ದೊಡ್ಡ ಮಾತು, ನಾವೂ ಅದನ್ನೇ ಹೇಳುತ್ತೇವೆ. ಸಾಹುಕಾರನಿಗೆ ಬೇಜಾರಾಯಿತು. ಹೆಂಡತಿ ಮಾತು ಬಿಟ್ಟಿದ್ದಾಳೆ ಅಂದರೆ, ಈ ಅಜ್ಜ ಜನ್ಮವನ್ನೇ ಬಿಡು ಅನ್ನುತ್ತಾನಲ್ಲ ಅಂತ ಗೊಣಗುತ್ತಾ ಬಸ್ಸು ಹತ್ತಿದ.

ಮುಂದಿನ ಸಾಲಿನ ತಾಯಂದಿರು ನಗುತ್ತಿದ್ದೀರಿ. ಹಿಂದಿನ ಸಾಲಿನವರು ಮಾತ್ರ ಬಹಳ ಗಂಭೀರ. ಕಥೆಯಲ್ಲಿ ಮುಳುಗಿದ್ದಾರೆ ಅಂತ ಕಾಣುತ್ತದೆ. ಸಂತೋಷ.

ಮರುದಿನ ಕಾಳಿ ನದಿ. ಹಿನ್ನೀರು ಕನ್ನಡಿಯಂತೆ ನಿಂತಿದೆ, ಆಚೆ ದಂಡೆಯಲ್ಲಿ ಬಿದಿರು, ನಡುವೆ ಒಂದು ಸಣ್ಣ ನಡುಗಡ್ಡೆ. ದಂಡೆಯ ಮೇಲೆ ನೋಡಿದರೆ ಕಾಯಕವೂ ಇಲ್ಲ, ಕುರ್ಚಿಯೂ ಇಲ್ಲ. ಹಳದಿ ಬಣ್ಣದ ಉದ್ದನೆಯ ಪ್ಲಾಸ್ಟಿಕ್ ದೋಣಿಗಳು! ಒಂದೊಂದರಲ್ಲಿ ಇಬ್ಬಿಬ್ಬರು, ಒಬ್ಬರ ಹಿಂದೆ ಒಬ್ಬರು ಕೂರಬೇಕು. ಅವನ್ನು ನಡೆಸಲು ಕಲಿಸುವಾಕೆ ಅದೇ ನದಿಯ ದಂಡೆಯಲ್ಲಿ ಬೆಳೆದ, ಐವತ್ತರ ಹತ್ತಿರದ ಹೆಣ್ಣುಮಗಳು. ಆಕೆ ಸಾಹುಕಾರನ ಧೋತರ ನೋಡಿದಳು, ಏನೂ ಅನ್ನದೆ ಒಂದು ದೊಡ್ಡ ಚಡ್ಡಿ ಕೊಟ್ಟಳು.

ಎಲ್ಲರಿಗೂ ಲೈಫ್ ಜಾಕೆಟ್ ಕಟ್ಟಿಸಿ, ಆಕೆ ನಮ್ಮ ಕಥೆಯ ತಾಯಿಯನ್ನು ಕೇಳಿದಳು, "ಅಕ್ಕಾ, ನೀರಂದ್ರ ಅಂಜಿಕಿ ಐತೇನ್ರಿ?"

"ಭಾಳ ಅಂಜತಾಳ್ರಿ" ಅಂದ ಸಾಹುಕಾರ.

"ಹಂಗಾರ ಅಕ್ಕಾರು ಮುಂದ ಕುಂಡ್ರಲಿ. ತೂಕದವರು ಹಿಂದ. ಮುಂದಿನವರು ತಾಳ ಹಿಡೀತಾರ, ಹಿಂದಿನವರು ಅವರ ಕೈ ನೋಡಿ ಹುಟ್ಟು ಹಾಕಬೇಕು. ತಿಳೀತೇನ್ರಿ?" ಅಂತ ಹೇಳಿ ಇಬ್ಬರ ಕೈಗೂ ಒಂದೊಂದು ಹುಟ್ಟು ಕೊಟ್ಟಳು.

ನಾವು ದೋಣಿ ನಡೆಸುವ ಕೋಲಿಗೂ ಹುಟ್ಟು ಅನ್ನುತ್ತೇವೆ. ಅಡುಗೆಮನೆಯಲ್ಲಿ ನುಚ್ಚು ತಿರುವುವ ಮರದ ಸೌಟಿಗೂ ಹುಟ್ಟು ಅನ್ನುತ್ತೇವೆ. ಮೂವತ್ತೆಂಟು ವರ್ಷ ಹುಟ್ಟು ತಿರುವಿದ ಕೈ ಆ ತಾಯಿಯದು. ನೀರಿಗೆ ಇಳಿಸಿದ ಕೂಡಲೇ ಅದು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹದವಾಗಿ ಆಡತೊಡಗಿತು. ಹಿಂದೆ ಕೂತವನು ಆ ಕೈ ನೋಡಬೇಕಿತ್ತು. ನೋಡಿದನೇ? "ಎಡಕ್ಕ ಹಾಕ! ಏ, ಬಲಕ್ಕ! ಜೋರ ಹಾಕ!" ಅನ್ನುತ್ತಾ ಆಕೆ ಎಡಕ್ಕೆ ಹಾಕಿದರೆ ಇವನು ಬಲಕ್ಕೆ, ಆಕೆ ಬಲಕ್ಕೆ ಹಾಕಿದರೆ ಇವನೂ ಬಲಕ್ಕೆ. ದೋಣಿ ಗಾಣದ ಎತ್ತಿನ ಹಾಗೆ ನಿಂತಲ್ಲೇ ತಿರುಗಿತು. ಜೊತೆಗೆ ಬಂದವರೆಲ್ಲ ಮುಂದೆ ಹೋದರು.

ತಿರುಗಿ ತಿರುಗಿ ದೋಣಿ ಒಂದು ಕಡೆಗೆ ಸರಿಯಿತು. ಹಿನ್ನೀರಿನೊಳಗೆ ಮುಳುಗಿದ ಹಳೆಯ ಮರದ ಬೊಡ್ಡೆಗಳಿರುತ್ತವೆ. ಸಾಹುಕಾರ ರಭಸದಿಂದ ಹಾಕಿದ ಹುಟ್ಟು ಅಂಥದೊಂದು ಬೊಡ್ಡೆಯ ಕವಲಿನಲ್ಲಿ ಸಿಕ್ಕಿಕೊಂಡಿತು. ದೋಣಿ ಮುಂದೆ ಹೋಗುತ್ತಿದೆ, ಹುಟ್ಟು ಹಿಂದೆ ನಿಂತಿದೆ, ಇವನು ಹುಟ್ಟನ್ನು ಗಟ್ಟಿಯಾಗಿ ಹಿಡಿದು ಜಗ್ಗುತ್ತಿದ್ದಾನೆ. ದೋಣಿ ಒಂದು ಮಗ್ಗುಲಿಗೆ ವಾಲಿತು. ನೀರು ಒಳಗೆ ನುಗ್ಗಿತು. ದೂರದಿಂದ ಕಲಿಸುವಾಕೆ ಕೂಗಿದಳು, "ಹುಟ್ಟು ಬಿಡ್ರಿ ಸಾವ್ಕಾರ್ರ! ಹುಟ್ಟು ಬಿಡ್ರಿ!"

ಸಾಹುಕಾರನಿಗೆ ಲಾಮಾ ಅಜ್ಜ ನೆನಪಾದ. ನಿನ್ನೆ ಆ ಅಜ್ಜ ಹುಟ್ಟು ಬಿಡು ಅಂದ, ಇವತ್ತು ಈಕೆಯೂ ಹುಟ್ಟು ಬಿಡು ಅನ್ನುತ್ತಾಳೆ. ಮುಗಿಯಿತು ನನ್ನ ಕಥೆ, ನನ್ನ ಜನ್ಮ ಇಲ್ಲಿಗೇ ಬಿಡಿಸುತ್ತಾರೆ ಅಂದುಕೊಂಡ! ಅಂದುಕೊಂಡು ಏನು ಮಾಡಿದ? ಇನ್ನೂ ಗಟ್ಟಿಯಾಗಿ ಹಿಡಿದ. ನಮ್ಮ ಬುದ್ಧಿಯೇ ಅಷ್ಟು ನೋಡಿ. ಮುಳುಗುವಾಗ ಯಾವುದು ಮುಳುಗಿಸುತ್ತದೋ ಅದನ್ನೇ ಅಪ್ಪಿಕೊಳ್ಳುತ್ತೇವೆ. ದೋಣಿ ಇನ್ನೂ ವಾಲಿತು, ಮುಂದೆ ಕೂತ ಆ ತಾಯಿಯ ಒಂದು ಭುಜ ನೀರಿಗೆ ತಾಗಿತು.

ಆಗ ಆಕೆ ಮಾತಾಡಿದಳು. ನಾಲ್ಕು ತಿಂಗಳಾದ ಮೇಲೆ ಗಂಡನಿಗೆ ಒಂದೇ ಮಾತು.

"ಬಿಡ್ರಿ."

ಕೂಗಲಿಲ್ಲ, ಹಿಂದೆ ತಿರುಗಲಿಲ್ಲ. ಕೋಲು ಬಿಡಿ ಅಂದಳೋ, ಗದ್ದಲ ಬಿಡಿ ಅಂದಳೋ, ಮೂವತ್ತೆಂಟು ವರ್ಷದ ಚಟ ಬಿಡಿ ಅಂದಳೋ, ನನಗೆ ಗೊತ್ತಿಲ್ಲ. ಆ ದನಿ ಕೇಳಿದ್ದೇ ಅವನ ಕೈ ತಾನಾಗಿ ಸಡಿಲಾಯಿತು. ಹುಟ್ಟು ಬೊಡ್ಡೆಯಲ್ಲೇ ಉಳಿಯಿತು. ದೋಣಿ ನೆಟ್ಟಗಾಯಿತು. ಆಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕಿ, ಬೊಡ್ಡೆಗಳ ನಡುವಿನಿಂದ ದೋಣಿಯನ್ನು ಬಿಡಿಸಿಕೊಂಡು ನಡುನೀರಿಗೆ ತಂದಳು. ಸಾಹುಕಾರ ಹಿಂದೆ ಕೂತಿದ್ದ, ಎರಡೂ ಕೈ ಖಾಲಿ.

ಕಲಿಸುವಾಕೆ ತನ್ನ ದೋಣಿಯಲ್ಲಿ ಬಂದು ಅವನ ಹುಟ್ಟನ್ನು ಬಿಡಿಸಿ ತಂದಳು. ಅವನಿಗೆ ಕೊಡಲಿಲ್ಲ, ತನ್ನ ಹತ್ತಿರವೇ ಇಟ್ಟುಕೊಂಡಳು. "ಅಕ್ಕಾ, ಈಗ ಎಲ್ಲಿಗೆ ಹೋಗೂದ್ರಿ? ದಂಡಿಗೋ, ನಡುಗಡ್ಡಿಗೋ?"

ನೋಡಿ, ಕಥೆ ಇರುವುದು ಇಲ್ಲಿ. ಸಾಹುಕಾರನ ಬಾಯಿ ತೆರೆಯಿತು. 'ದಂಡಿಗೆ' ಅನ್ನುವ ಮಾತು ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಆಗ ಅವನಿಗೆ ಆ ಚಪ್ಪಾಳೆ ನೆನಪಾಯಿತು. ಫಟ್! ಯಾರಿಗೆ ಕೇಳ್ಯಾರ, ಅವರ ಹೇಳಬೇಕು. ಬಾಯಿ ಮುಚ್ಚಿದ. ಆಕೆಯೂ ಸುಮ್ಮನಿದ್ದಳು. ಯಾಕೆ ಗೊತ್ತೇ? ಗಂಡ ಉತ್ತರ ಹೇಳಲಿ ಅಂತ ಆಕೆಯೂ ಕಾಯುತ್ತಿದ್ದಳು! ಮೂವತ್ತೆಂಟು ವರ್ಷದ ಅಭ್ಯಾಸ ಆಕೆಗೂ ಅಂಟಿತ್ತು. ನನಗೆ ಈ ಕಥೆಯಲ್ಲಿ ದುಃಖ ಆಗುವುದು ಇದೊಂದು ಜಾಗದಲ್ಲಿ. ಆಕೆ ಕಾಯುತ್ತಿದ್ದಾಳೆ, ಇವನೂ ಕಾಯುತ್ತಿದ್ದಾನೆ, ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಹಿಂದಿನಿಂದ ಉತ್ತರ ಬರಲೇ ಇಲ್ಲ. ಆಕೆ ನಿಧಾನವಾಗಿ ಹಿಂದೆ ತಿರುಗಿ ಗಂಡನ ಮುಖ ನೋಡಿದಳು. ಅವನು ತುಟಿ ಬಿಗಿಹಿಡಿದಿದ್ದ, ಕಣ್ಣಲ್ಲಿ ನೀರಿತ್ತು.

"ನಡುಗಡ್ಡಿಗೆ ಹೋಗೋಣ್ರಿ" ಅಂದಳು.

ನಡುಗಡ್ಡೆಯಲ್ಲಿ ಇಳಿದ ಮೇಲೆ ಕಲಿಸುವಾಕೆ ಕೇಳಿದಳು, "ಅಕ್ಕಾ, ಯಜಮಾನ್ರು ನಿಮಗ ಅಂಜಿಕಿ ಅಂದ್ರು, ಇಷ್ಟ ಚಂದ ಹುಟ್ಟು ಹಾಕೂದು ಎಲ್ಲಿ ಕಲತ್ರಿ?" ಆಗ ಆ ತಾಯಿ ಹೇಳಿದಳು. ತವರೂರು ಮಲಪ್ರಭೆಯ ದಂಡೆ. ಎಂಟು ವರ್ಷದವಳಿದ್ದಾಗ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಅಪ್ಪನ ದೋಣಿಯಲ್ಲಿ ಆಚೆ ದಂಡೆಗೆ ಬುತ್ತಿ ಒಯ್ಯುತ್ತಿದ್ದವಳು. ಸಾಹುಕಾರ ಬಾಯಿ ತೆರೆದುಕೊಂಡು ಕೇಳಿಸಿಕೊಂಡ. ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು, ಹೆಂಡತಿಗೆ ಈಜು ಬರುತ್ತದೆ ಅಂತ ಗೊತ್ತಿರಲಿಲ್ಲ ಅವನಿಗೆ! "ಇದನ್ನ ನನಗ ಯಾಕ ಹೇಳಿದ್ದಿಲ್ಲ?" ಅಂದ. "ನೀವು ಯಾವಾಗ ಕೇಳಿದ್ರಿ?" ಅಂದಳು. ಅವನು ಮರಳಿನ ಮೇಲೆ ಆಕೆಯ ಪಕ್ಕಕ್ಕೆ ಸರಿದು ಕೂತ. ಆಮೇಲೆ, "ನಂದು ತಪ್ಪಾತು" ಅಂದ. ಮೈಕಿಲ್ಲದೆ ಅಂದ. ಆಕೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ದಂಡೆಗೆ ಮರಳಿದ ಮೇಲೆ ಜಾಕೆಟ್ ವಾಪಸು ಕೊಡಬೇಕು, ವಹಿಯಲ್ಲಿ ಹೆಸರು ಬರೆಸಬೇಕು. ಕಲಿಸುವಾಕೆ ಪೆನ್ನು ಹಿಡಿದು ಆ ತಾಯಿಯನ್ನೇ ಕೇಳಿದಳು, "ಅಕ್ಕಾ, ಯಜಮಾನ್ರ ಹೆಸರು ಏನಂತ ಬರೀಲ್ರಿ?" ಸಾಹುಕಾರನಿಗೆ ತನ್ನ ಹೆಸರು ತನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ಕೈಯಿಂದ ಮುಚ್ಚಿಕೊಂಡು ನಿಂತ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲವಲ್ಲ, ಒಡಪು ಕಟ್ಟಿ ಹೇಳಬೇಕು. ಆ ತಾಯಿ ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಕ್ಕು, ಹೇಳಿದಳು:

"ಕಾಳಿ ಹೊಳಿ ನೀರು ತಣ್ಣಗ, ದೋಣಿ ಹೊಂಟೈತಿ ಸಣ್ಣಗ,
ಗುರುಪಾದಪ್ಪನವರು ಕುಂತಾರ ಹಿಂದ, ಬಾಯಿ ಆಗೈತಿ ಮೆತ್ತಗ!"

ಹೆಸರು ಹೇಳುವುದಿಲ್ಲ ಅಂತ ನಾನು ಅಂದಿದ್ದೆ. ಆ ತಾಯಿಯೇ ಹೇಳಿಬಿಟ್ಟರೆ ನಾನೇನು ಮಾಡಲಿ?

ಕಥೆ ಮುಗಿಯಿತು, ಈಗ ನಿಮ್ಮ ಸರದಿ. ನೀವೆಲ್ಲ ಗುರುಪಾದಪ್ಪನ ಮೇಲೆ ನಕ್ಕಿರಿ. ಕನ್ಯೆ ನೋಡಲು ಬಂದವರು ಹುಡುಗಿಯನ್ನು 'ಏನು ಓದಿದ್ದೀಯವ್ವಾ' ಅಂತ ಕೇಳಿದಾಗ ಉತ್ತರ ಹೇಳಿದ್ದು ಯಾರು? ತಾಯಂದಿರೇ, ನೀವೂ ನಗಬೇಡಿ. ಮನೆಗೆ ಬಂದವರು ಮಗುವನ್ನು 'ಯಾವ ಕ್ಲಾಸು ಪುಟ್ಟಾ' ಅಂದರೆ, 'ಮೂರನೇ ಕ್ಲಾಸು, ಲೆಕ್ಕದಾಗ ಭಾಳ ಶ್ಯಾಣ್ಯಾ' ಅಂತ ಹೇಳುವುದು ಯಾರು? ಸೊಸೆಯನ್ನು 'ನಿನಗೆ ಇಲ್ಲಿ ಹೊಂದಿಕೆಯಾಯಿತೇನವ್ವಾ' ಅಂದರೆ, 'ಎಲ್ಲಾ ಹೊಂದಿಕ್ಯಾಗೇತಿ' ಅನ್ನುವುದು ಯಾರು? ಹೊಂದಿಕೆಯಾದದ್ದು ಸೊಸೆಗೋ, ನಿಮಗೋ?

ದೊಡ್ಡ ವ್ರತ ಹೇಳುವುದಿಲ್ಲ. ಜನ್ಮದ ಹುಟ್ಟು ಬಿಡುವುದು ನಿಧಾನವಾಗಿ ಆಗಲಿ, ಕೈಯಲ್ಲಿರುವ ಹುಟ್ಟನ್ನು ಇವತ್ತು ಬಿಡಿ. ಇವತ್ತು ಮನೆಗೆ ಹೋದಮೇಲೆ ನಿಮ್ಮ ಪಕ್ಕದವರನ್ನು ಯಾರಾದರೂ ಏನಾದರೂ ಕೇಳಿದರೆ, ಒಂದು ಗುಟುಕು ನೀರು ಬಾಯಿಗೆ ಹಾಕಿಕೊಳ್ಳಿ. ನುಂಗಬೇಡಿ. ಅವರು ಹೇಳಿ ಮುಗಿಸುವ ತನಕ ಬಾಯಲ್ಲೇ ಇರಲಿ. ಉತ್ತರ ತಡವಾಗಿ ಬಂದೀತು, ತಡವರಿಸಿ ಬಂದೀತು. ಕಾಯಿರಿ. ಮೂವತ್ತೆಂಟು ವರ್ಷ ಒಳಗೇ ಇದ್ದ ಮಾತು ಒಂದೇ ಗಳಿಗೆಯಲ್ಲಿ ಹೊರಗೆ ಬರುತ್ತದೆಯೇ? ಆಮೇಲೆ ಇನ್ನೊಂದು ಕೆಲಸ. ಮನೆಯಾಕೆಯನ್ನು ಕೇಳಿ, 'ನಿನಗೆ ಯಾವ ಬಣ್ಣ ಇಷ್ಟ?' ಕೇಳಿ ಸುಮ್ಮನೆ ಕೂತುಕೊಳ್ಳಿ. 'ಹಸರು ಅಲ್ಲೇನು' ಅನ್ನಬೇಡಿ!

ಸರಿ, ಮಂಗಳಕ್ಕೆ ಮೊದಲು ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ಅದನ್ನೇ ಮತ್ತೆ ಕೇಳುತ್ತೇನೆ. ಗಂಡಸರೇ, ಬಾಯಲ್ಲಿ ನೀರು! ಹಿಂದಿನ ಸಾಲಿನ ತಾಯಂದಿರೇ, ನನ್ನ ದನಿ ನಿಮಗೆ ಕೇಳುತ್ತಿದೆಯೇ?

ಸುಮ್ಮನಿರಿ, ಯಾರೂ ಹೇಳಿಕೊಡಬೇಡಿ. ಕಾಯೋಣ. ನಮಗೇನೂ ಅವಸರವಿಲ್ಲ.

ಮುಂದಿನ ಸಾಲಿನ ತಾಯಿ, ಸ್ವಲ್ಪ ಹಿಂದೆ ತಿರುಗಿ ಅವರನ್ನು ಕೇಳಿ ಹೇಳಿ. ಹಾಂ, ಏನಂದರು? ಗಟ್ಟಿಯಾಗಿ ಹೇಳಿ ತಾಯಿ.

"ಶುರುವಿನಿಂದ ಒಂದ ಮಾತೂ ಕೇಳಿಲ್ಲಂತ್ರಿ ಅಪ್ಪಾರ. ಆ ಕಡೀ ಮೈಕ ಹತ್ತೇ ಇಲ್ಲಂತ."

ಶಿವ ಶಿವಾ! ನೋಡಿದಿರಾ? ತಪ್ಪು ಗಂಡಸರದ್ದು ಅನ್ನುವುದಿಲ್ಲ, ನನ್ನದು. ನಾನು ಕೇಳಿದ್ದು ಆ ಕಡೆಯವರನ್ನು, ಉತ್ತರ ತೆಗೆದುಕೊಂಡದ್ದು ಈ ಕಡೆಯಿಂದ. ಯಪ್ಪಾ ಮೈಕಿನವರೇ, ಆ ಡಬ್ಬಿಯನ್ನು ತಾಯಂದಿರ ಕಡೆಗೆ ತಿರುಗಿಸಿ. ಇಲ್ಲ, ಗಂಡಸರು ಯಾರೂ ಏಳಬೇಡಿ, ಕೂತುಕೊಳ್ಳಿ. ಹಿಂದಿನ ಸಾಲಿನ ತಾಯಂದಿರೇ, ಈಗ ಕೇಳುತ್ತಿದೆಯೇ? ನೀವೇ ಹೇಳಿ. ನೀವು ಕೇಳುತ್ತಿದೆ ಅಂದಮೇಲೆಯೇ ನಾನು ಕಥೆಯನ್ನು ಮೊದಲಿನಿಂದ ಶುರು ಮಾಡುತ್ತೇನೆ.